ಬೋರ್ಡಿನ ಮ್ಯಾಲಿನ ಕೈಗುಣ

ಜನವರಿ 6, ಸೋಮವಾರ. ಮುಂಜಾನೆ 6.40

ಬಿ.ಪಿ. 150/90. ನೋಡಿದ್ದ ತಪ್ಪಾತು. ನೋಡಿದ ಸಿಟ್ಟಿಗೆ ಇನ್ನಷ್ಟು ಏರಿರಬೇಕು. ವಾಕಿಂಗ್ ಹೋಗಿಲ್ಲ. ಹೋಗೂದೂ ಇಲ್ಲ. ಹೋಗೋ ದಾರ್ಯಾಗ ಆ ಬೋರ್ಡ್ ಐತಿ.

ಕರುಣಾ ಸಪ್ಪನ ಚಾ ಕೊಟ್ಟು ಹೋದಳು. ಸಕ್ರಿ ಇಲ್ಲ. ಜೀವಮಾನೆಲ್ಲಾ ಮಂದಿಗೆ ಸಕ್ರಿ ಬಿಡ್ರಿ, ಸಕ್ರಿ ಬಿಡ್ರಿ ಅಂದೆ, ಈಗ ಮನ್ಯಾಗ ಹೆಂಡತಿನ ನನಗ ಡಾಕ್ಟರ್ ಆಗ್ಯಾಳ. ಸಾಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದಾಕಿ. ಎದುರು ಮಾತಾಡಿದ್ರ ಬೆಂಚಿನ ಮ್ಯಾಲೆ ನಿಂದರಸ್ತಾಳೋ ಏನೋ.

ಬೋರ್ಡ್ ನಿನ್ನೆ ಏರಿಸ್ಯಾರ. ಮಗಾ ಲೋಹಿತ ಎಂ.ಎಸ್. ಮಾಡಿದ ಹೆಂಗಸರ ಡಾಕ್ಟರ್, ಬೈರಿದೇವರಕೊಪ್ಪದಾಗ, ನಮ್ಮ ಮನಿ ಮಗ್ಗಲದಾಗ ಹೊಸಾ ಆಸ್ಪತ್ರಿ ತಗದಾನ. ಛಲೋ. ತಗೀಲಿ. ಆದ್ರ ಅದಕ್ಕ ನನ್ನ ಹೆಸರಿಡಬೇಕಾದ್ರ ನನಗ ಒಂದ್ ಮಾತ ಕೇಳೂದಿಲ್ಲೇನು? ‘ಡಾ. ಮಹಾದೇವಪ್ಪ ಶಿರಗುಪ್ಪಿ ಮಲ್ಟಿಸ್ಪೆಷಾಲಿಟಿ.’ ಬಾಜೂಕ ನನ್ನ ಫೋಟೋ, ಲಾರಿಯಷ್ಟು ದೊಡ್ಡದು. ತಲಿ ಹಿಂದ ಬೆಳಕು ಬ್ಯಾರೆ ಬಿಟ್ಟಾರ. ಸುತ್ತಲೂ ಚೆಂಡಹೂವಿನ ಬಾರ್ಡರ್. ಕೆಳಗ — ‘ಹುಬ್ಬಳ್ಳಿ ನಂಬಿದ ಕೈಗುಣ.’

ಡಿಸೈನ್ ಸೊಸಿ ಪೂನಮ್‌ಂದು. ಆಸ್ಪತ್ರಿ ಆಡಳಿತ ಅಕೀನ ನೋಡ್ತಾಳ. ಅಲ್ಲವಾ, ಈ ಫೋಟೋದಾಗ ನನ್ನ ಕಣ್ಣು ಅರ್ಧಾ ಮುಚ್ಯಾವಲ್ಲಾ ಅಂದೆ. ‘ಶಾಂತ ಕಾಣ್ತೀರಿ ಮಾಮಾ’ ಅಂದಳು.

ಶಾಂತ ಅಂತ. ನಾನು!


ಜನವರಿ 8, ಬುಧವಾರ. ಮಧ್ಯಾಹ್ನ

ನಗಬೇಕೋ, ಚೀರಬೇಕೋ ತಿಳೀವಲ್ದು.

ಹತ್ತೂವರಿಗೆ ಗೇಟಿನ ಕಡೆ ಗುಲಾಬಿ ಗಿಡಕ್ಕ ನೀರು ಹಾಕಾಕತ್ತಿದ್ದೆ. ಒಂದ್ ಆಟೋ ಬಂದ ನಿಂತಿತು. ದುರ್ಗದಬೈಲಿನ ಗುಲಾಬಸಾಬ ಇಳದ. ಮೋಟಾರ್ ವೈಂಡಿಂಗ್ ಮಾಡಾಂವ, ಈಗ ಮುಚ್ಚಿದ ನನ್ನ ಹಳೇ ದವಾಖಾನಿ ಬಾಜೂದಾಗ ಅವನ ಅಂಗಡಿ. ಬಿಳಿ ಟೊಪಿಗಿ, ಇಸ್ತ್ರಿ ಮಾಡಿದ ಪೈಜಾಮಾ, ಮುಖಾ ಬಾಡಿಸ್ಕೊಂಡಾನ. ಹಿಂದ ಇನ್ನೂ ಮೂರು ಮಂದಿ. ಎಲ್ಲಾರೂ ತಲಿ ತಗ್ಗಿಸ್ಯಾರ.

ಏ ಗುಲಾಬಸಾಬ, ಏನ್ ಬಂದ್ಯೋ ಅಂದೆ.

ಅಂವ ತಲಿ ಎತ್ತಿದಾಂವನ ‘ಯಾ ಅಲ್ಲಾ!’ ಅಂತ ಒದರಿ ಆಟೋಕ್ಕ ಆತ್ಕೊಂಡ ನಿಂತ. ಒಬ್ಬಾಂವ ಖರೇನ ಹಿಂದಕ ಓಡಿದ. ನನ್ನ ಕೈಯಾಗಿನ ಪೈಪು ಜಾರಿ ಗುಲಾಬಸಾಬನ ಪೈಜಾಮಾ ಎಲ್ಲಾ ತೊಯ್ದು ತಪ್ಪಡಿ.

‘ಡಾಕ್ಟರ್ ಸಾಬ್… ನೀವು ಅದೀರೀ?’

ಅದೇನಿ. ಕಾಣವಲ್ದೇನು?

‘ಬೋರ್ಡ್ ನೋಡಿದ್ವಿರೀ. ಫೋಟೋ ನೋಡಿದ್ವಿ. ಹೂವು ನೋಡಿದ್ವಿ.’ ಅಂವ ಕಣ್ಣೀರು ಒರಸ್ಕೊಂಡ ನಕ್ಕ. ‘ಆಸ್ಪತ್ರಿಗೆ ಹೆಸರು ಇಡೂದು ತೀರಿಕೊಂಡವ್ರದಲ್ರೀ?’

ಅವಂದೇನ್ ತಪ್ಪು? ಈ ಊರಾಗ ಅಪ್ಪ ಸತ್ತ ಮ್ಯಾಲೆ ಮಗ ಬೋರ್ಡ್ ಮ್ಯಾಲೆ ಏರಸ್ತಾನ. ಹತ್ತು ಆಸ್ಪತ್ರಿ ಇದ್ರ ಹತ್ತೂ ಹಂಗ ಅದಾವ. ನನ್ನ ಮಗಾ ಗಡಿಬಿಡಿ ಮಾಡ್ಯಾನ ಅಷ್ಟ.

ಕರುಣಾ ಸುದ್ದಿ ಕೇಳಿ ಹೊಟ್ಟಿ ಹಿಡ್ಕೊಂಡ ನಕ್ಕಳು. ನಾಕೂ ಮಂದಿಗೆ ಚಾ ಮಾಡಿ ಕೊಟ್ಟಳು. ಅವರಿಗೆ ಸಕ್ರಿ ಹಾಕಿ.


ಜನವರಿ 9

ಲೋಹಿತಗ ಹೇಳಿದೆ, ಬೋರ್ಡ್ ಇಳಸು ಅಂತ. ‘ಪಬ್ಲಿಸಿಟಿ ಆತಲ್ಲ ಅಪ್ಪಾಜಿ’ ಅಂದ. ಮೊಬೈಲಿನಿಂದ ಮುಖಾ ಸೈತ ಎತ್ತಲಿಲ್ಲ.

ಕೈಗುಣ ಅಂತ ಬರಸ್ಯಾನ. ಕೈಗುಣ ಎಲ್ಲಿಂದ ಬಂತು ಅನ್ನೂದು ಅವಗೇನ್ ಗೊತ್ತು! ನಮ್ಮೂರು ಶಿರಗುಪ್ಪ್ಯಾಗ ನಮ್ಮವ್ವ ಗುಡ್ಡವ್ವಗ ಚಾ ಕೊಡಬೇಕಾದ್ರ ಮ್ಯಾಲಿಂದ ಸುರೀತಿದ್ರು, ಕೈ ತಾಗೀತು ಅಂತ. ಅಕಿ ಮಗಾ ನಾ ಕೆ.ಎಂ.ಸಿ. ಮೆಡಿಕಲ್ ಕಾಲೇಜಿನಾಗ ಓದಿ, ದುರ್ಗದಬೈಲ್ ಹಿಂದಿನ ಓಣ್ಯಾಗ ದವಾಖಾನಿ ಇಟ್ಟಾಗ ಮಂದಿ ಬಾಗಲದಾಗ ನಿಂತು ಬ್ಯಾನಿ ಹೇಳಿ ಗುಳಿಗಿ ಕೇಳೂದು. ‘ಮುಟ್ಟಿ ನೋಡೂದೇನ್ ಬ್ಯಾಡ್ರಿ ಡಾಕ್ಟರ್, ಗುಳಿಗಿ ಕೊಟ್ರ ಸಾಕು.’ ಜ್ವರಾ ಎಷ್ಟೈತಿ ಅಂತ ಅವರ ಹೇಳೂದು, ನಾ ಕೇಳೂದು! ಒಳಗ ಬಂದು ಸ್ಟೂಲಿನ ಮ್ಯಾಲೆ ಕುಂತು ಕೈ ಚಾಚಿದಾಕಿ ಮದಲ ಗುಲಾಬಸಾಬನ ಅವ್ವ ದಾವಲಬಿ. ‘ನಾಡಿ ನೋಡೋ ಬೇಟಾ, ದೂರ ನಿಂತು ಏನ್ ತಿಳೀತೈತಿ?’ ಅಂದಳು. ಟೈಫಾಯ್ಡ್ ಆಗಿತ್ತು. ನೆಟ್ಟಗಾದಳು. ಆಮ್ಯಾಲೆ ಓಣಿ ತುಂಬ ಅಕೀನ ಹೇಳ್ಕೊಂತ ಅಡ್ಡಾಡಿದಳು, ಈ ಡಾಕ್ಟರನ ಕೈಗುಣ ಛಲೋ ಐತಿ, ಹೋಗಿ ಕೈ ಕೊಡ್ರಿ ಅಂತ.

ಬಾಗಲದಾಗ ನಿಂತವ್ರೂ ಬಂದ್ರು. ಒಬ್ಬೊಬ್ಬರ ಬಂದು ಕುಂತ್ರು. ಧಾರವಾಡದಾಗ ದೊಡ್ಡ ಆಪರೇಶನ್ ಇದ್ರೂ ಮದ್ಲ ನನ್ನ ಹತ್ರ ಬಂದು ‘ಒಮ್ಮೆ ಕೈ ಹಿಡದ ಕಳಸ್ರಿ’ ಅನ್ನೂದು ಅವರ ಪದ್ಧತಿ ಆತು. ನಾ ಅದನ್ನ ಮೂಢನಂಬಿಕಿ ಅಂತ ಎಂದೂ ನಗಲಿಲ್ಲ. ಕೈ ಹಿಡದಾಗ ನಾಡಿ ನೋಡ್ತಿದ್ದೆ. ಉಗುರು ನೋಡ್ತಿದ್ದೆ. ಕೈ ಬಿಸಿ ಐತೋ ತಣ್ಣಗೈತೋ, ನಡಗತೈತೋ ನೋಡ್ತಿದ್ದೆ. ಅವರು ಕೈಗುಣ ಅಂತಿದ್ರು. ನಾ ತಪಾಸಣಿ ಅಂತಿದ್ದೆ.

ಇದು ಫ್ಲೆಕ್ಸ್ ಮ್ಯಾಲೆ ಬರ್ಯೂ ಮಾತಲ್ಲ.


ಜನವರಿ 19, ರವಿವಾರ

ಲೋಹಿತ ಇವತ್ತು ಭಾಳ ಮಿದು ಮಾತಾಡಿದ. ‘ಅಪ್ಪಾಜಿ, ಮನ್ಯಾಗ ಕುಂತು ಸಿಟ್ಟು ಮಾಡ್ಕೋತೀರಿ. ಮುಂಜಾನೆ ಒಂದೆರಡು ತಾಸು ಆಸ್ಪತ್ರಿಗೆ ಬಂದು ಕುಂದರ್ರಿ. ನಿಮ್ಮ ಹಳೇ ಪೇಷಂಟ್ ಕೇಳ್ತಾರ. ಬಂದವ್ರ ಕೈ ಹಿಡದ ಕಳಸ್ರಿ, ಸಾಕು.’

ಒಲ್ಲೆ ಅನ್ನಬೇಕಿತ್ತು. ಆದ್ರ ಬಿಟ್ಟ ಕೆಲಸದ ಆಸೆ… ಇಸ್ತ್ರಿ ಅಂಗಿ ತಗೀ ಅಂದೆ ಕರುಣಾಗ.

‘ಮದಲಿಂಗ ಲಗ್ನಕ್ಕ ಹೊಂಟಂಗ ಆತಲ್ರಿ’ ಅಂದಳು. ಅಂದ್ರೂ ಅಂಗಿ ತಗದ ಕೊಟ್ಟಳು. ಸೆಂಟೂ ಕೊಟ್ಟಳು. ಸೆಂಟು ಒಲ್ಲೆ ಅಂದೆ, ಪೇಷಂಟಿಗೆ ಆಗೂದಿಲ್ಲ.


ಫೆಬ್ರವರಿ 11, ಮಂಗಳವಾರ. ಸಂಜೀ ಮುಂದ

ಭಾಳ ದಿನಾ ಬರದಿಲ್ಲ. ಖುಷಿಯಾಗಿದ್ದೆ, ಅದಕ್ಕ. ಖುಷಿಯಾಗಿದ್ದಾಗ ಯಾರ್ ಬರೀತಾರ?

ಈಗ ಬರೀತೇನಿ ಕೇಳು.

ಬಾಗಲದ ಮುಂದ, ನನ್ನ ಫೋಟೋದ ಕೆಳಗ, ಒಂದು ದೊಡ್ಡ ಕುರ್ಚಿ ಹಾಕ್ಯಾರ. ಮೇಜಿನ ಮ್ಯಾಲೆ ಹೂದಾನಿ. ಬಂದವ್ರು ಕೈ ಕೊಡ್ತಾರ, ನಾ ಹಿಡೀತೇನಿ, ‘ಆರಾಮ ಆಕ್ಕೀರಿ ಹೋಗ್ರಿ’ ಅಂತೇನಿ, ಅವರು ನಕ್ಕೋತ ಒಳಗ ಹೋಗ್ತಾರ. ಹೊರಗ ಬರೂಮುಂದ ಅಡ್ಮಿಟ್ ಚೀಟಿ. ಇವತ್ತು ಲಕ್ಷ್ಯಕ್ಕ ಬಂತು. ಇವತ್ತ ಯಾಕ ಬಂತೋ! ಒಬ್ಬಾಕಿ ಅಡ್ಮಿಟ್. ಇನ್ನೊಬ್ಬಾಕಿ ಅಡ್ಮಿಟ್. ಅಕಿ ಹಿಂದಿನಾಕೀನೂ. ಎಲ್ಲಾ ಗರ್ಭಚೀಲದ ಆಪರೇಶನ್. ಎಲ್ಲಾ ಇನ್ನೂ ವಯಸ್ಸಿನ ಹೆಣ್ಣಮಕ್ಕಳು.

ರಿಸೆಪ್ಶನ್ ಹುಡುಗೀಗೆ ಫೈಲು ಕೊಡವಾ ಅಂದೆ. ‘ಫೈಲ್ ನಿಮಗ ಕೊಡಬಾರದು ಅಂತ ಮ್ಯಾಡಮ್ ಹೇಳ್ಯಾರ್ರಿ ಸರ್.’ ಸ್ಟೆತೊಸ್ಕೋಪ್ ಕೇಳಿದೆ. ‘ನಿಮಗ್ಯಾಕ್ ಬೇಕ್ರಿ ಸರ್?’

ನನಗ್ಯಾಕ ಬೇಕು! ಕುರ್ಚಿಗೆ ಗೊಂಬಿ ಸಾಕು. ಎಂಥಾ ಹೊಲಸು ಕೆಲಸಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡ ಹೋಗ್ತಿದ್ದೆ ನಾ! ಮೈಯೆಲ್ಲಾ ಉರ್ಯಾಕತ್ತೈತಿ.

ಪೂನಮ್‌ಗ ಕೇಳಿದೆ. ‘ಮಾಮಾ, ನೀವು ಕೈ ಹಿಡದ್ರ ಅವರಿಗೆ ಧೈರ್ಯ ಬರ್ತದ. ಅದೂ ಒಂದು ಟ್ರೀಟ್‌ಮೆಂಟ ಅಲ್ಲೇನ್ರಿ?’ ಅಂತ ನನಗ ಪಾಠ.


ಫೆಬ್ರವರಿ 17, ಸೋಮವಾರ

ಆಗಬಾರದ್ದು ಆತು.

ಆ ದಿನದಿಂದ ಆಸ್ಪತ್ರಿ ಕಡೆ ಹಾಯ್ದಿರಲಿಲ್ಲ. ಇವತ್ತು ಗುಲಾಬಸಾಬ ಮನೀಗೇ ಬಂದ, ಸೊಸಿ ಫಿರದೋಸನ್ನ ಕರಕೊಂಡು. ಮಗಾ ಇಸ್ತಿಯಾಕನ ಹೆಂಡತಿ. ಮೂವತ್ತೊಂದು ವಯಸ್ಸು, ಎರಡು ಸಣ್ಣ ಮಕ್ಕಳು. ಗುರುವಾರ ಲೋಹಿತನ ಆಸ್ಪತ್ರ್ಯಾಗ ಗರ್ಭಚೀಲ ತಗೀತಾರಂತ.

‘ಕಾಕಾ, ಮುಟ್ಟು ಭಾಳ ಹೋಗ್ತೈತ್ರಿ, ನಿಂದ್ರವಲ್ದು. ಸ್ಕ್ಯಾನ್ ಮಾಡ್ಯಾರ. ಚೀಲ ದಪ್ಪ ಆಗೈತಿ, ಬಿಟ್ರ ಕ್ಯಾನ್ಸರ್ ಆದೀತು ಅಂದಾರ್ರಿ’ ಅಂದಳು.

ದನಿ ಒಡದೈತಿ. ಮುಖಾ ಬಾತೈತಿ. ನಾವೆಲ್ಲಾ ಸೆಖಿಗೆ ಫ್ಯಾನ್ ಹಾಕ್ಕೊಂಡ ಕುಂತ್ರ ಅಕಿ ಸ್ವೆಟರ್ ಹಾಕ್ಯಾಳ. ಕೂದಲ ಉದುರ್ತಾವೇನವಾ ಅಂದೆ. ಗೊಂಚಲ ಗೊಂಚಲ ಅಂದಳು. ನಿದ್ದಿ? ಎಷ್ಟ್ ಮಲಗಿದ್ರೂ ಸಾಲವಲ್ದಂತ. ತೂಕ? ಊಟ ಸೇರವಲ್ದು, ತೂಕ ಏರಾಕತ್ತೈತಂತ.

ಥೈರಾಯ್ಡ್ ಟೆಸ್ಟ್ ಮಾಡ್ಯಾರೇನು?

‘ಅದೇನ್ರಿ ಕಾಕಾ?’

ಮಾಡಿಲ್ಲ! ಥೈರಾಯ್ಡ್ ಕಡಿಮಿ ಆದ್ರೂ ಮುಟ್ಟು ಹಿಂಗ ಹೋಗ್ತೈತಿ. ಮುಟ್ಟು ನಿಂದ್ರವಲ್ದು ಅಂತ ಬಂದಾಕೀಗೆ ಇಷ್ಟು ಲಕ್ಷಣ ಮುಖದ ಮ್ಯಾಲೆ ಬರದಿದ್ರೂ ಮಾಡಿಲ್ಲ. ತಪಾಸಣಿ ಮಾಡೂದಕಿಂತ ಮದ್ಲ ತಾರೀಖು ಕೊಟ್ಟಾರ. ಬೋರ್ಡ್ ಮ್ಯಾಲೆ ನನ್ನ ಹೆಸರು.

‘ಒಮ್ಮೆ ಕೈ ಹಿಡದ ಕಳಸ್ರಿ ಕಾಕಾ, ಹೆದರಿಕಿ ಹೋಗ್ತೈತಿ’ ಅಂತ ಅಕಿ ಕೈ ಚಾಚಿದಳು.

ನಾ ನನ್ನ ಕೈ ಹಿಂದಕ ತಗೊಂಡೆ. ಹಿಡದ್ರ ಆಪರೇಶನ್‌ಗೆ ಹೂಂ ಅಂದಂಗ. ಹಿಡ್ಯೂದಿಲ್ಲ ಅಂದೆ. ಆಪರೇಶನ್ ಬ್ಯಾಡ, ನಾಳೆ ಹೊರಗಿನ ಲ್ಯಾಬಿನಾಗ ರಕ್ತ ಕೊಡ್ರಿ ಅಂತ ಚೀಟಿ ಬರದೆ.

ಯಾರ್ ಕೇಳ್ತಾರ ಚೀಟಿ! ಅಕಿ ಮುಖಾ ಸುಣ್ಣ ಆತು. ‘ನಂದು ಅಷ್ಟು ಖರಾಬ್ ಐತೇನ್ರಿ ಕಾಕಾ? ಉಳ್ಯೂದಿಲ್ಲೇನ್ರಿ ನಾನು?’ ಅಂತ ಅಳಾಕ ಹತ್ತಿದಳು. ಹಂಗಲ್ಲವಾ, ಹಂಗಲ್ಲ ಅಂದೆ. ಈ ಡಾಕ್ಟರ್ ಕೈ ಹಿಡೀಲಿಲ್ಲಂದ್ರ ಪೇಷಂಟ್ ಉಳ್ಯೂದಿಲ್ಲ ಅಂತ ತಿಳಕೊಂಡ ಮಂದಿಗೆ ಏನ್ ಹೇಳಿದ್ರೂ ಕಿವಿಗೆ ಹೋಗೂದಿಲ್ಲ.

ಗುಲಾಬಸಾಬ ಎದ್ದ. ‘ನಮ್ಮವ್ವನ ಕೈ ಹಿಡದವ್ರು ನೀವು. ಇವತ್ತ ನಮ್ಮ ಸೊಸಿ ಕೈ ಹಿಡ್ಯಾಕ ಆಗಲಿಲ್ಲ ನಿಮಗ.’

ಹೋದ್ರು. ಚಾ ಹಂಗ ಉಳೀತು.

ನನಗ ಹಂಗ ಅಂದ್ನಲ್ಲ ಅಂವ. ನನಗ!


ಅದ ದಿನಾ, ಊಟ ಆದ ಮ್ಯಾಲೆ

ಊಟ ಎಲ್ಲಿ ಆತು! ಲೋಹಿತ ತಾಟಿನ ಮುಂದ ಕುಂತಿದ್ದ. ನೇರ ಕೇಳಿದೆ. ಫಿರದೋಸಗ ಥೈರಾಯ್ಡ್ ಯಾಕ ನೋಡಿಲ್ಲ?

‘ಆಪರೇಶನ್ ಆದ ಮ್ಯಾಲೆ ನೋಡೋಣ ಅಪ್ಪಾಜಿ. ಸ್ಕ್ಯಾನಿನಾಗ ಗಂಟ ಐತಿ.’

ಎಷ್ಟ್ ದೊಡ್ಡದು?

ಪಲ್ಯಾ ಹಾಕ್ಕೊಂಡ. ಕಡಲಿಕಾಳಷ್ಟು ಇರಬೇಕು. ಅರ್ಧಾ ಊರಿನ ಹೆಂಗಸರಿಗೆ ಇರ್ತಾವ.

‘ಅಪ್ಪಾಜಿ, ನಿಮ್ಮ ಕಾಲ ಬ್ಯಾರೆ. ಅಕಿಗೆ ಎರಡು ಮಕ್ಕಳಾಗ್ಯಾವ, ಫ್ಯಾಮಿಲಿ ಪೂರ್ತಿ ಆಗೈತಿ. ಇನ್ನ ಅಕಿಗೆ ಗರ್ಭಚೀಲ ಇದ್ದು ಏನ್ ಮಾಡೂದೈತಿ?’

ನಾ ಬಾಯಿ ತಗ್ಯೂದ್ರಾಗ ಕರುಣಾ ಸಾರಿನ ಸೌಟು ಪಾತೇಲಿಯೊಳಗ ಠಣ್ ಅಂತ ಒಗದಳು.

‘ನನಗೂ ಎರಡು ಹೆಣ್ಣಾದ ಮ್ಯಾಲೆ ಹಿಂಗ ಮುಟ್ಟು ಹೋಗ್ತಿತ್ತು. ನಿಮ್ಮಪ್ಪ ಗುಳಿಗಿ ಕೊಟ್ಟು ನೆಟ್ಟಗ ಮಾಡಿದ್ರು. ಅವಾಗ ನಂದೂ ಫ್ಯಾಮಿಲಿ ಪೂರ್ತಿ ಆಗಿತ್ತು. ತಗಸಿ ಒಗದಿದ್ರ ನೀ ಎಲ್ಲಿರ್ತಿದ್ದ್ಯೋ?’

ಪೂನಮ್ ಕೈಯಾಗಿನ ರೊಟ್ಟಿ ಕೈಯಾಗ ಉಳೀತು. ಲೋಹಿತ ಎದ್ದು ಕೈ ತೊಳಕೊಂಡು ಹೊರಗ ಹೋದ. ಹೋಗೂಮುಂದ ಅಂದ, ‘ಗುರುವಾರದ ಲಿಸ್ಟ್ ಫಿಕ್ಸ್ ಐತಿ.’


ಫೆಬ್ರವರಿ 19, ಬುಧವಾರ

ಗುಲಾಬಸಾಬಗ ಫೋನ್ ಹಚ್ಚಿದೆ. ಎತ್ತವಲ್ಲ. ಅಂಗಡಿಗೆ ಹೋದೆ, ಬಾಗಲಾ ಹಾಕೈತಿ. ಲ್ಯಾಬಿನವಗ ಕೇಳಿದ್ರ ಅಂಥಾ ಪೇಷಂಟ್ ಬಂದಿಲ್ಲಂದ. ಇಸ್ತಿಯಾಕಗ ಫೋನ್ ಹಚ್ಚಿದ್ರ ಅಂವ ತಗ್ಗಿದ ದನೀಲೆ ಹೇಳಿದ — ‘ಕಾಕಾ, ಲೋಹಿತ ಡಾಕ್ಟರ್ ಅಂದ್ರು… ಅಪ್ಪಾಜಿಗೆ ವಯಸ್ಸಾಗೈತಿ, ಈಗೀಗ ಏನೇನೋ ಮಾತಾಡ್ತಾರ, ಮನಸಿಗೆ ಹಚ್ಕೋಬ್ಯಾಡ್ರಿ ಅಂತ.’

ಮದ್ಲ ಫೋಟೋ ಏರಿಸಿ ಕೊಂದ. ಈಗ ಹುಚ್ಚ ಮಾಡ್ಯಾನ.


ಫೆಬ್ರವರಿ 20, ಗುರುವಾರ. ಮಧ್ಯಾಹ್ನ 1.00

ಒಂದ್ ದಮ್ಮಿನಾಗ ಬರೀತೇನಿ, ಇಲ್ಲಂದ್ರ ಎದಿ ಒಡದ ಹೋದೀತು.

ಮುಂಜಾನೆ ಏಳಕ್ಕ ಆಸ್ಪತ್ರಿಗೆ ಹೋದೆ. ಹಳೇ ಅಂಗಿ. ನನ್ನ ಕುರ್ಚಿ ಬಾಗಲದಿಂದ ಎಳಕೊಂಡು ಹೋಗಿ ಆಪರೇಶನ್ ಥೇಟರಿನ ಬಾಗಲಕ್ಕ ಅಡ್ಡ ಹಾಕಿ ಕುಂತೆ. ವಾರ್ಡಬಾಯ್ ‘ಸರ್, ಅಲ್ಲಿ ಬ್ಯಾಡ್ರಿ’ ಅಂದ. ಕೈ ಹಿಡದ ಕಳಸೂದು ನನ್ನ ಡ್ಯೂಟಿ ಐತಿ, ಕೇಳು ನಿಮ್ಮ ಮ್ಯಾಡಮ್‌ಗ ಅಂದೆ.

ಎಂಟೂವರಿಗೆ ಫಿರದೋಸನ್ನ ವ್ಹೀಲ್‌ಚೇರಿನ ಮ್ಯಾಲೆ ತಂದ್ರು. ಹಸರ ಗೌನು, ತಲೀಗೆ ಟೊಪಿಗಿ. ಹಿಂದ ಗುಲಾಬಸಾಬ, ಇಸ್ತಿಯಾಕ. ನನ್ನ ನೋಡಿ ಗುಲಾಬಸಾಬ ಮುಖಾ ಹೊಳ್ಳಿಸಿದ. ಫಿರದೋಸ ಹೊಳ್ಳಿಸಲಿಲ್ಲ. ಕಣ್ಣಾಗ ನೀರು ತಂದು ಮತ್ತ ಕೈ ಚಾಚಿದಳು, ಪಾಪ.

ಈ ಸಲ ಹಿಡದೆ. ಎರಡೂ ಕೈಲೆ ಹಿಡದೆ.

ತಣ್ಣಗ ಬರ್ಫ್ ಆಗಿತ್ತು ಕೈ. ಹೆದರಿದ ಮನಷ್ಯಾನ ನಾಡಿ ಕುದರಿಗತೆ ಓಡಬೇಕು. ಇಕೀದು ತೂಕಡಸಾಕತ್ತಿತ್ತು. ಇನ್ನೇನ್ ಬೇಕು ಹೇಳಾಕ?

ವಾರ್ಡಬಾಯ್ ‘ಆತಲ್ರಿ ಸರ್, ಬಿಡ್ರಿ’ ಅಂದ. ಬಿಡಲಿಲ್ಲ. ಪೂನಮ್ ಓಡಿ ಬಂದಳು. ‘ಮಾಮಾ, ಎಲ್ಲಾರೂ ನೋಡಾಕತ್ತಾರ.’ ನೋಡ್ಲಿ. ಬಿಡಲಿಲ್ಲ. ಆಮ್ಯಾಲೆ ಲೋಹಿತ ಬಂದ, ಮಾಸ್ಕ್ ಕೆಳಗ ಇಳಿಸಿ, ಹಲ್ಲು ಕಡಕೊಂಡು. ‘ಅಪ್ಪಾಜಿ, ಕೈ ಬಿಡ್ರಿ.’

‘ಕೈ ಹಿಡದ ಕಳಸ್ರಿ ಅಂದಿದ್ದಿ. ಹಿಡದೇನಿ. ಕಳಸೂದಿಲ್ಲ’ ಅಂದೆ.

ಇಡೀ ಕಾರಿಡಾರು ಕೇಳೂ ಹಂಗ ಅಂದೆ. ದನಿ ಇನ್ನೂ ಐತಿ ನನ್ನ ಹತ್ರ.

‘ಲೋಹಿತ, ನೀ ಇಕೀ ಕೈ ಹಿಡದು ನೋಡೀಯೇನು? ಒಮ್ಮೆಯಾದ್ರೂ? ಇಲ್ಲೇ ಎಲ್ಲಾರ ಮುಂದ ಹೇಳು.’

ಅವನ ಕಣ್ಣು ಕೈಯಾಗಿನ ಸ್ಕ್ಯಾನ್ ಫೋಟೋದ ಮ್ಯಾಲೆ ಹೋದ್ವು. ಹಿಡದಿಲ್ಲ. ನಮ್ಮವ್ವನ್ನ ಮುಟ್ಟದ ಮಂದಿ ಇದ್ರಲ್ಲ ಆ ಊರಾಗ, ಅವರ ಪದ್ಧತಿ ಅಕಿ ಮೊಮ್ಮಗಾ ಎ.ಸಿ. ರೂಮಿನಾಗ ಕುಂತು ಮಾಡಾಕತ್ತಾನ. ಇದನ್ನೂ ಅಂದುಬಿಟ್ಟೆ. ಅನ್ನಬಾರದಿತ್ತೋ ಏನೋ. ಅಂದೆ.

ಲೋಹಿತನ ಮುಖಾ ಕೆಂಪಾತು, ಆಮ್ಯಾಲೆ ಬಿಳುಪಾತು.

ಗುಲಾಬಸಾಬ ಮುಂದ ಬಂದ. ನನ್ನ ಕೈ ನೋಡಿದ, ಸೊಸಿ ಕೈ ನೋಡಿದ. ‘ಡಾಕ್ಟರ್ ಸಾಬ್ ಇನ್ನೂ ಬಿಟ್ಟಿಲ್ಲಂದ್ರ ಏನೋ ಐತಿ’ ಅಂದ. ಅಷ್ಟ ಅಂದು, ವ್ಹೀಲ್‌ಚೇರು ತಾನ ಹಿಡದು ಹೊಳ್ಳಿಸಿದ. ನಾ ಕೈ ಹಿಡ್ಕೊಂಡ ಬಾಜೂಕ ನಡದೆ. ಬಾಗಲದಾಗ ನನ್ನ ಫೋಟೋ ಕಣ್ಣು ಅರ್ಧಾ ಮುಚ್ಚಿ ನಿಂತಿತ್ತು. ಲ್ಯಾಬಿನ ತನಕ ಆಟೋದಾಗ ಕರಕೊಂಡ ಹೋದೆ. ಸೂಜಿ ಚುಚ್ಚೂ ತನಕ ಅಕಿ ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಬಿ.ಪಿ. ನೋಡ್ಕೊಂಡಿಲ್ಲ. ಕರುಣಾ ನೋಡ್ತೇನಿ ಅಂತ ಮಶೀನ್ ಹಿಡ್ಕೊಂಡ ನಿಂತಾಳ. ಒಲ್ಲೆ.


ಫೆಬ್ರವರಿ 22, ಶನಿವಾರ

ರಿಪೋರ್ಟ್ ಬಂತು. ಥೈರಾಯ್ಡ್. ಟಿ.ಎಸ್.ಎಚ್. ಆಕಾಶಕ್ಕ ಏರೈತಿ, ಅಂದ್ರ ಥೈರಾಯ್ಡ್ ಕೆಲಸನ ಮಾಡವಲ್ದು. ರಕ್ತಾನೂ ಕಡಿಮಿ. ಈ ರಕ್ತ ಇಟ್ಕೊಂಡು, ಈ ಥೈರಾಯ್ಡ್ ಇಟ್ಕೊಂಡು ಅಕಿಗೆ ಅನಸ್ತೇಶಿಯಾ ಕೊಟ್ಟಿದ್ರ… ಬರ್ಯಾಕ ಒಲ್ಲೆ.

ಮುಂಜಾನೆ ಖಾಲಿ ಹೊಟ್ಟೀಲೆ ಗುಳಿಗಿ. ರಕ್ತಕ್ಕ ಒಂದು ಗುಳಿಗಿ. ಒಂದಿಷ್ಟು ತಿಂಗಳು ನೋಡೂದು. ನೆಟ್ಟಗಾಗೋ ಲಕ್ಷಣನ ಹೆಚ್ಚು. ಇಷ್ಟಕ್ಕ ಚೀಲ ಕೊಯ್ಯಾಕ ಹೊಂಟಿದ್ರು!

ಗುಲಾಬಸಾಬ ಬಂದ. ಅವತ್ತ ಉಳದ ಚಾ ಕುಡೀಲಿಕ್ಕೆ ಬಂದೇನ್ರಿ ಅಂದ. ಕುಡದ. ನನ್ನ ಕಪ್ಪಿಗೂ ಕರುಣಾ ಅರ್ಧಾ ಚಮಚಾ ಸಕ್ರಿ ಹಾಕಿದಳು. ಕೇಳಲಾರದನ.

ರಿಪೋರ್ಟಿನ ಝೆರಾಕ್ಸ್ ಲೋಹಿತನ ಮೇಜಿನ ಮ್ಯಾಲೆ ಇಟ್ಟು ಬಂದೆ. ಬೋರ್ಡ್ ಇಳಸು, ಇಲ್ಲಂದ್ರ ನಾನ ನಿಚ್ಚಣಿಕಿ ಹತ್ತತೇನಿ ಅಂತ ಅದರ ಮ್ಯಾಲೆ ಬರದಿಟ್ಟೆ.


ಫೆಬ್ರವರಿ 24, ಸೋಮವಾರ. ಮುಂಜಾನೆ

ಬಿ.ಪಿ. 140/86. ವಾಕಿಂಗ್ ಹೋಗಿ ಬಂದೆ. ನಿಚ್ಚಣಿಕಿ ಹಾಕಿ ಬೋರ್ಡ್ ಇಳಸಾಕತ್ತಾರ. ಫೋಟೋದಾಗ ನನ್ನ ಒಂದ್ ಕಿವಿ ಹರದೈತಿ. ಹರೀಲಿ.

ಮನಿಗೆ ಬರೂದ್ರಾಗ ಗುಲಾಬಸಾಬನ ಫೋನು, ಗಾಬರಿ ದನಿ. ‘ಡಾಕ್ಟರ್ ಸಾಬ್, ಬೋರ್ಡ್ ಇಳಸಾಕತ್ತಾರಂತ. ಆರಾಮ ಅದೀರಲ್ರೀ?’ ಏರಿಸಿದ್ರೂ ಸತ್ತೆ, ಇಳಿಸಿದ್ರೂ ಸತ್ತೆ. ಬಾಯಾಗ ಬಂದಂಗ ಬೈದೆ. ಅಂವ ಖುಷಿಯಾಗಿ ಫೋನ್ ಇಟ್ಟ.

ಈಗ ಲೋಹಿತ ಬಂದಾನ. ಬಗಲಾಗ ಒಂದ್ ಹೊರೀ ಫೈಲು. ದಾಡಿ ಮಾಡಿಲ್ಲ. ಬಾಗಲದಾಗ ನಿಂತ ಅಂದ, ‘ಈ ವಾರದ ಲಿಸ್ಟ್ ಅಪ್ಪಾಜಿ. ಯಾರ್ದೂ ತಾರೀಖು ಪಕ್ಕಾ ಮಾಡಿಲ್ಲ. ನೀವು ಒಮ್ಮೆ… ಕೈ ಹಿಡೀಲಿಕ್ಕಲ್ಲ. ನೋಡಲಿಕ್ಕೆ.’

ಸ್ಟೂಲು ತೋರ್ಸಿದೆ, ಹಳೇ ದವಾಖಾನ್ಯಾಗ ಪೇಷಂಟ್ ಕುಂದರ್ತಿದ್ದ ಸ್ಟೂಲು. ಕುಂತಾನ. ನಾ ಇದನ್ನ ಬರ್ಯಾಕತ್ತೇನಿ. ಕುಂದರ್ಲಿ ಸ್ವಲ್ಪ. ಸಿಟ್ಟು ಇನ್ನೂ ಹೋಗಿಲ್ಲ ನಂದು, ಇಷ್ಟು ಲಗೂ ಹೋಗೂದೂ ಇಲ್ಲ.

ಕರುಣಾ ಒಳಗಿಂದ, ಇಬ್ಬರಿಗೂ ಚಾ ಇಡ್ಲೇನ್ರಿ ಅಂತಾಳ. ಇಡು.

ಮ್ಯಾಲಿನ ಫೈಲು ಎಳಕೊಂಡೆ. ಹೊಟ್ಟಿ ನೋವು, ಬಿಳೀ ಮುಟ್ಟು. ರಕ್ತ ಟೆಸ್ಟ್ ಒಂದೂ ಇಲ್ಲ. ವಯಸ್ಸು ಇಪ್ಪತ್ತಾರು.

ಇಪ್ಪತ್ತಾರು! ಏ ಲೋಹಿತ, ಇಲ್ಲಿ ನೋಡು!